ಆಸ್ಕರ್ ಅಪ್ಪ, ಹಾಡುಗಾರ ಮಗ, ನಡುವೆ ಒಂದು ಕಪ್ಪು ನಾಯಿ!

'ಬ್ರೋಕ್‌ಬ್ಯಾಕ್ ಮೌಂಟೇನ್' ಹೆಸರು ಕೇಳಿದ್ದೀರಲ್ಲ? 2006ರಲ್ಲಿ ಅದರ ಚಿತ್ರಕಥೆಗೆ ಆಸ್ಕರ್ ಬಂದಾಗ ವೇದಿಕೆ ಹತ್ತಿದ ಇಬ್ಬರಲ್ಲಿ ಒಬ್ಬರು ಹಿರಿಯರು. ಮೇಲೆ ಕೋಟು, ಕೆಳಗೆ ಜೀನ್ಸ್ ಪ್ಯಾಂಟು! ಅವರೇ ಟೆಕ್ಸಾಸ್‌ನ ಕಾದಂಬರಿಕಾರ ಲ್ಯಾರಿ ಮೆಕ್‌ಮರ್ಟ್ರಿ. ಪಾಲ್ ನ್ಯೂಮನ್ ನಟಿಸಿದ 'ಹಡ್' (1963), 'ದಿ ಲಾಸ್ಟ್ ಪಿಕ್ಚರ್ ಶೋ' (1971), 'ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್' (1983)... ಎಲ್ಲ ಅವರ ಕಾದಂಬರಿಗಳಿಂದ ಹುಟ್ಟಿದ ಚಿತ್ರಗಳೇ.

ಅದಿರಲಿ. ನಾನು ಹೇಳಹೊರಟಿದ್ದು ಮಗನ ವಿಷಯ.

ಮಗ ಜೇಮ್ಸ್ ಮೆಕ್‌ಮರ್ಟ್ರಿ. ಹುಟ್ಟಿದ್ದು 1962ರಲ್ಲಿ. ಏಳು ವರ್ಷದವನಿದ್ದಾಗ ಅಪ್ಪ ಗಿಟಾರ್ ಕೊಡಿಸಿದರು, ನುಡಿಸಲು ಕಲಿಸಿದ್ದು ಅಮ್ಮ. 1974ರ 'ಡೈಸಿ ಮಿಲ್ಲರ್' ಚಿತ್ರದಲ್ಲಿ ನಾಯಕಿ ಸಿಬಿಲ್ ಶೆಪರ್ಡ್‌ಗೆ ತರಲೆ ತಮ್ಮನಾಗಿ ನಟಿಸಿದ್ದು ಇದೇ ಹುಡುಗ. ಬಾಲನಟನಾಗಿ ಮುಂದುವರಿಯಬಹುದಿತ್ತು. ಮುಂದುವರಿಯಲಿಲ್ಲ, ಹಾಡು ಕಟ್ಟೋಕೆ ಹೊರಟ. ಜಾನ್ ಮೆಲೆನ್‌ಕ್ಯಾಂಪ್ ಎಂಬ ಜನಪ್ರಿಯ ಗಾಯಕನ ಸಿನಿಮಾಕ್ಕೆ ಅಪ್ಪ ಚಿತ್ರಕಥೆ ಬರೆಯುತ್ತಿದ್ದಾಗ ಮಗನ ಹಾಡುಗಳ ಕ್ಯಾಸೆಟ್ಟು ಅವನ ಕೈ ಸೇರಿತು. 1989ರಲ್ಲಿ ಮೊದಲ ಆಲ್ಬಂ 'ಟೂ ಲಾಂಗ್ ಇನ್ ದ ವೇಸ್ಟ್‌ಲ್ಯಾಂಡ್' ಬಂತು.

ಶಿಫಾರಸು ಅಂತೀರಾ? ಅನ್ನಿ. ಆದರೆ ಶಿಫಾರಸು ಒಂದು ಆಲ್ಬಂ ತರಬಹುದು, ಮೂವತ್ತೈದು ವರ್ಷ ಓಡಿಸೋಲ್ಲ! ಕಂಟ್ರಿ, ಜಾನಪದ, ಬ್ಲೂಸ್, ರಾಕ್ ಎಲ್ಲ ಬೆರೆತ ಇವನ ಬಗೆಯ ಸಂಗೀತಕ್ಕೆ 'ಅಮೆರಿಕಾನಾ' ಅಂತ ಹೆಸರು. ಮುಚ್ಚಿಹೋದ ಕಾರ್ಖಾನೆಗಳ ಬಗ್ಗೆ, ಕೆಲಸ ಕಳಕೊಂಡವರ ಬಗ್ಗೆ ಇವನು ಬರೆದ 'ವಿ ಕಾಂಟ್ ಮೇಕ್ ಇಟ್ ಹಿಯರ್' 2006ರಲ್ಲಿ ಆ ಸಂಗೀತದ ವರ್ಷದ ಹಾಡು ಪ್ರಶಸ್ತಿ ಗೆದ್ದಿತು. ಇಷ್ಟಾದರೂ ದೊಡ್ಡ ಸ್ಟಾರ್ ಆಗಲಿಲ್ಲ. ಆಸ್ಟಿನ್ ನಗರದ ಕಾಂಟಿನೆಂಟಲ್ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಬುಧವಾರ ನಡುರಾತ್ರಿ ಹಾಡಿದ. ನಮ್ಮಲ್ಲಿ ಅಂಥವರಿಗೆ 'ಪ್ರತಿಭೆ ಇದೆ, ಅದೃಷ್ಟ ಇಲ್ಲ' ಅಂತೀವಿ.

2025ರ ಜೂನ್‌ನಲ್ಲಿ ಇವನ ಆಲ್ಬಂ 'ದ ಬ್ಲ್ಯಾಕ್ ಡಾಗ್ ಅಂಡ್ ದ ವಾಂಡರಿಂಗ್ ಬಾಯ್' ಬಂತು. ಕಪ್ಪು ನಾಯಿ ಮತ್ತು ಅಲೆಮಾರಿ ಹುಡುಗ. ಹತ್ತು ಹಾಡು. ಕೊನೆಯದು 1976ರ 'ಎ ಸ್ಟಾರ್ ಈಸ್ ಬಾರ್ನ್' ನಾಯಕ, 2024ರಲ್ಲಿ ತೀರಿಕೊಂಡ ಕ್ರಿಸ್ ಕ್ರಿಸ್ಟಾಫರ್‌ಸನ್ ಬರೆದಿದ್ದ ಹಾಡು. ಮುಖಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬಿಡಿಸಿದ ಬಾಲಕ ಜೇಮ್ಸ್. ಬಿಡಿಸಿದವರು ಯಾರು ಗೊತ್ತೇ? 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಬರೆದ ಕೆನ್ ಕೀಸಿ! ಕೀಸಿ ತೀರಿಕೊಂಡದ್ದು 2001ರಲ್ಲಿ. ಅವರ ಪತ್ನಿ ಫೇ, 2011ರಲ್ಲಿ ಲ್ಯಾರಿಯನ್ನು ಮದುವೆಯಾದರು.

ಲ್ಯಾರಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ. ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಅವರು 2021ರ ಮಾರ್ಚ್‌ನಲ್ಲಿ ಹೋದ ಮೇಲೆ ಫೇ ಮಗನನ್ನು ಕೇಳಿದರಂತೆ, ಕಪ್ಪು ನಾಯಿ ಮತ್ತು ಅಲೆಮಾರಿ ಹುಡುಗನ ವಿಷಯ ಅಪ್ಪ ಎಂದಾದರೂ ಹೇಳಿದ್ದರಾ ಅಂತ. ಅದೇ ಹಾಡಾಯಿತು. ಹಾಡಿನಲ್ಲಿ ಅಪ್ಪನ ಹೆಸರಿಲ್ಲ, ಅಳುವ ರಾಗವೂ ಅಲ್ಲ.

ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುತ್ತಾ ಮೊಬೈಲಿನಲ್ಲಿ ಇದನ್ನು ಕೇಳಿದೆ. ನಿದ್ದೆ ಹಾರಿಹೋಯಿತು.

ನಮ್ಮಪ್ಪ ನಮ್ಮೂರ ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ರೀಲು ತುಂಡಾದರೆ ಶಿಳ್ಳೆ ಮುಗಿಯುವುದರೊಳಗೆ ಅಂಟಿಸುವ ಕೈ ಅವರದು. ಟಾಕೀಸು ಕಲ್ಯಾಣ ಮಂಟಪವಾಯಿತು, ಅಪ್ಪ ಮನೆ ಸೇರಿದರು. ಕೊನೆಯ ವರ್ಷ ರಾತ್ರಿ ಎದ್ದು ಕೂತು, "ಬಾಗಿಲ ಹತ್ರ ಹುಡುಗ ನಿಂತಿದಾನೆ ನೋಡೋ" ಅನ್ನೋರು. "ಯಾರೂ ಇಲ್ಲ, ಸುಮ್ನೆ ಮಲಗಪ್ಪ" ಅಂತ ನಾನು ರೇಗುತ್ತಿದ್ದೆ. ಬೆಳಗ್ಗೆ ಕೆಲಸಕ್ಕೆ ಹೋಗಬೇಕಲ್ಲ! ಯಾವ ಹುಡುಗ ಅಂತ ಒಂದು ದಿನವೂ ಕೇಳಲಿಲ್ಲ.

ಊರು ಸೇರಿದವನೇ ಅಮ್ಮನನ್ನು ಕೇಳಿದೆ, "ಅಪ್ಪ ಒಬ್ಬ ಹುಡುಗನ ವಿಷಯ ಹೇಳ್ತಿದ್ರಲ್ಲ, ನಿಂಗೇನಾದ್ರೂ ಗೊತ್ತಾ?"

ಅಮ್ಮ ಅಕ್ಕಿ ಆರಿಸುತ್ತಿದ್ದಳು. "ಗೊತ್ತಿಲ್ದೆ ಏನು? ಸೆಕೆಂಡ್ ಶೋಗೆ ಬಂದಿದಾನೆ, ಟಿಕೆಟ್ಟಿಗೆ ಕಾಸಿಲ್ಲ, ಒಳಗೆ ಬಿಡು ಅನ್ನೋರು. ನಾನು ಎದ್ದು ಬಾಗಿಲು ತೆಗೆದು ಹಾಕ್ತಿದ್ದೆ. ಆಮೇಲೆ ನಿದ್ದೆ ಮಾಡೋರು."

ಅಷ್ಟೇ. ನಾನು ರೇಗಿ ಸಾಧಿಸದ್ದನ್ನು ಅಮ್ಮ ಬಾಗಿಲು ತೆಗೆದು ಸಾಧಿಸಿದ್ದಳು.

ಗೆಳೆಯರೇ, ಈ ಆಲ್ಬಂ ಕೇಳಿ. ಇಂಗ್ಲಿಷ್ ಅರ್ಥವಾಗದಿದ್ದರೂ ಆ ಒರಟು ದನಿ ಅರ್ಥವಾಗುತ್ತೆ. ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದು, ಇಲ್ಲದವರನ್ನು ತೋರಿಸಿದರೆ ರೇಗಬೇಡಿ. "ಯಾರಪ್ಪ ಅದು?" ಅಂತ ಕೇಳಿ. ನಾನು ಕೇಳಲಿಲ್ಲ, ಅದಕ್ಕೇ ಹೇಳ್ತಿದೀನಿ.