ಸುಳಿ ನೋಡುವ ಹೊತ್ತು

ಇಟ್ಟಮಡುವಿನ ನಮ್ಮ ತಾರಸಿಯಲ್ಲಿ ಸ್ವೀಟ್ ಕಾರ್ನ್ ಬೆಳೆಯುವಾಗ ನನಗೆ ತೆನೆ ಮುರಿಯುವುದಕ್ಕಿಂತ ಹೆಚ್ಚು ಇಷ್ಟವಾದ ಕೆಲಸ ಸುಳಿ ನೋಡುವುದು. ಬಿಸಿಲೇರುವ ಮೊದಲೇ ಒಂದೊಂದು ಗಿಡಕ್ಕೂ ಬಗ್ಗಬೇಕು. ಎಲೆಯ ಹಸಿರು ಕೆರೆದುಹೋಗಿ ತೆಳುಪೊರೆ ಮಾತ್ರ ಉಳಿದಿದ್ದರೆ ಮರಿಹುಳು ಈಚೆಗಷ್ಟೇ ಮೊಟ್ಟೆಯಿಂದ ಹೊರಬಂದಿದೆ. ಬಿಚ್ಚಿದ ಎಲೆಯಲ್ಲಿ ಅಡ್ಡಸಾಲಿಗೆ ತೂತುಗಳಿದ್ದರೆ, ಎಲೆ ಸುತ್ತಿಕೊಂಡಿದ್ದಾಗಲೇ ಯಾರೋ ಒಳಗೆ ಕೂತು ಮೇಯ್ದಿದ್ದಾರೆ. ಒದ್ದೆ ಮರದಪುಡಿಯಂಥ ಹಿಕ್ಕೆ ತುಂಬಿದ್ದರೆ ದೊಡ್ಡ ಹುಳು ಅದರ ಕೆಳಗೇ ಇದೆ.

ಎರಡು ಬೆರಳಲ್ಲಿ ಎಲೆ ಸರಿಸಿ ಅದನ್ನು ಈಚೆ ತೆಗೆಯುತ್ತೇನೆ. ತಲೆಯ ಮೇಲೆ ತಿರುಗಿಸಿಟ್ಟ ವೈ ಅಕ್ಷರ, ಹಿಂತುದಿಯ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಫಾಲ್ ಸೈನಿಕ ಹುಳು! ಅಮೆರಿಕ ಖಂಡಗಳು ಇದರ ತವರು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ಭಾರತದಲ್ಲಿ ಮೊದಲು ಸಿಕ್ಕಿದ್ದು ನಮ್ಮ ಶಿವಮೊಗ್ಗದ ಮುಸುಕಿನ ಜೋಳದಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರ ಕಣ್ಣಿಗೆ. ಇದರ ಪತಂಗ ಒಂದೇ ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು; ಅದಕ್ಕೆ ನಮ್ಮ ತಾರಸಿ ಯಾವ ಎತ್ತರ!

"ಒಂದ್ಸಲ ಔಷಧಿ ಹೊಡೆದುಬಿಡಮ್ಮ" ಎನ್ನುತ್ತಾರೆ ಪಕ್ಕದ ಮನೆಯ ಅಜ್ಜಿ. ಆದರೆ ಸುಳಿಯ ಆಳದಲ್ಲಿ, ಹಿಕ್ಕೆಯ ಮರೆಯಲ್ಲಿ ಕೂತ ಹುಳುವಿಗೆ ಸಿಂಪರಣೆ ಸರಿಯಾಗಿ ತಗಲುವುದಿಲ್ಲ. ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಟ್ರೈಕೋಗ್ರಾಮಾ ಎಂಬ ಕಣ್ಣಿಗೆ ಕಾಣದಷ್ಟು ಪುಟ್ಟ ಕಣಜ ಮಾತ್ರ ಸಾಯುತ್ತದೆ. ಅದಲ್ಲದೆ ಕೈಯಲ್ಲಿ ಹೆಕ್ಕುವವರಿಗೆ ಈ ಹುಳುವಿನ ಸ್ವಭಾವವೇ ಅನುಕೂಲ. ಒಂದೊಂದು ಗುಂಪಿನಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆಗಳಿದ್ದರೂ, ದೊಡ್ಡದು ಸಣ್ಣದನ್ನು ತಿಂದುಬಿಡುವುದರಿಂದ ಕಡೆಗೆ ಒಂದು ಸುಳಿಯಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದೇ. ಅದನ್ನು ತೆಗೆದರೆ ಆ ಗಿಡ ಪಾರು. ಹತ್ತಾರು ಕುಂಡಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಹಾವೇರಿ, ದಾವಣಗೆರೆಯ ಎಕರೆಗಟ್ಟಲೆ ಹೊಲದಲ್ಲಿ ಹೀಗೆ ಬಗ್ಗಿ ನೋಡುವುದು ಯಾರಿಗೆ ಸಾಧ್ಯ? ಅಲ್ಲಿನ ರೈತರ ಸಂಕಟ ಎಷ್ಟೆಂದು ಈ ಕುಂಡಗಳೇ ನನಗೆ ತಿಳಿಸಿದ್ದು.

ತೆನೆ ಕೂದಲು ಬಿಟ್ಟಮೇಲೆ ಕಾಯಿಕೊರಕ ಎಂಬ ಇನ್ನೊಂದು ಹುಳುವಿನ ಸರದಿ. ಒಂದು ಕೂದಲಿಗೆ ಒಂದು ಕಾಳು. ಪರಾಗ ತಾಗುವ ಮೊದಲೇ ಕೂದಲನ್ನು ಹುಳು ಕಡಿದರೆ ಆ ಕಾಳಿನ ಜಾಗ ಖಾಲಿ. ಹಾಗಾಗಿ ಬೆಳಿಗ್ಗೆಯೇ ಗಂಡು ಹೂವನ್ನು ಮುರಿದು ತಂದು ಕೂದಲಿನ ಮೇಲೆ ಕೊಡವುತ್ತೇನೆ, ಕೊಡವುತ್ತಲೇ ಹುಳು ಹುಡುಕುತ್ತೇನೆ. ತುದಿಯ ನಾಲ್ಕು ಕಾಳು ಹುಳು ತಿಂದಿದ್ದರೂ ಬೇಸರವಿಲ್ಲ, ಅಷ್ಟು ಕತ್ತರಿಸಿದರೆ ಉಳಿದದ್ದೆಲ್ಲ ಸಿಹಿಯೇ. ಕೊಯ್ದ ಗಳಿಗೆಯಿಂದ ಆ ಸಿಹಿ ಇಳಿಯತೊಡಗುವುದರಿಂದ ಒಲೆಯ ಮೇಲೆ ನೀರಿಟ್ಟೇ ತೆನೆ ಮುರಿಯಲು ಮೇಲೆ ಹೋಗಬೇಕು.