ಬೆಂಗಳೂರಿಗೆ ಹೊರಡುವ ಮುನ್ನ

ಕಳೆದ ತಿಂಗಳು ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬಳು ಊಟದ ಬಿಡುವಿನಲ್ಲಿ ನನ್ನ ಪಕ್ಕ ಬಂದು ಕುಳಿತಳು. ಮದುವೆಯಾಗಿ ಐದು ವರ್ಷ ಕಳೆದಿದೆ. "ಟೀಚರ್, ನಾವೂ ಬೆಂಗಳೂರಿಗೆ ಹೋಗಬೇಕೆಂದಿದ್ದೇವೆ. ನೀವು ಹೋಗಿ ಬಂದವರಲ್ಲವೇ?" ಎಂದಳು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪ್ರಿಯ ಸಹೋದರಿಯರೇ, ಅವಳಿಗೆ ಹೇಳಿದ್ದನ್ನೇ ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂತಹ ಪ್ರಯಾಣದ ಸಿದ್ಧತೆ ಸದ್ದಿಲ್ಲದೆ ನಡೆಯುತ್ತಿರಬಹುದು.

ನಾವು ಹೊರಟದ್ದು 2019ರ ಜನವರಿಯಲ್ಲಿ. ನನಗಾಗ ಮೂವತ್ತೆಂಟು. ಕಬಕ ಪುತ್ತೂರು ನಿಲ್ದಾಣದಲ್ಲಿ ಹಗಲಿನ ರೈಲು ಹತ್ತಿದೆವು. ಸುಬ್ರಹ್ಮಣ್ಯ ರೋಡ್ ದಾಟಿದರೆ ಘಾಟಿ. ಅಲ್ಲಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್, ಅಷ್ಟರೊಳಗೆ 57 ಸುರಂಗಗಳು. ರೈಲು ಎರಡು ತಾಸಿಗೂ ಹೆಚ್ಚು ಹೊತ್ತು ತೆವಳುತ್ತದೆ. ಪ್ರತಿ ಸುರಂಗ ಬಂದಾಗಲೂ ಬೋಗಿಯ ಮಕ್ಕಳು ಒಟ್ಟಾಗಿ ಕೂಗುತ್ತಿದ್ದರು. ಎದುರಿನ ಸೀಟಿನ ಹೆಂಗಸು "ನಿಮಗೆಷ್ಟು ಮಕ್ಕಳು?" ಎಂದು ಕೇಳಿದರು. "ಆಗಿಲ್ಲ" ಎಂದೆ. ಸಕಲೇಶಪುರ ಬರುವವರೆಗೂ ಅವರು ಮೂರು ಬಗೆಯ ಬೇರು, ಇಬ್ಬರು ನಾಟಿ ವೈದ್ಯರು, ಒಂದು ದರ್ಗಾದ ವಿಷಯ ತಿಳಿಸಿಕೊಟ್ಟರು. ಎಲ್ಲವೂ ನನಗಾಗಿ. ನನ್ನ ಪತಿ ಕಿಟಕಿಯಾಚೆಗಿನ ಕಣಿವೆ ನೋಡುತ್ತಾ ಕುಳಿತಿದ್ದರು.

ಇಲ್ಲಿ ಮೊದಲ ಮಾತು ಹೇಳಿಬಿಡುತ್ತೇನೆ. ಹನ್ನೊಂದು ವರ್ಷ ನಾನೊಬ್ಬಳೇ ಔಷಧಿ ಕುಡಿದಿದ್ದೆ. ನನ್ನ ಪತಿಯ ಪರೀಕ್ಷೆ ಆದದ್ದು ಬೆಂಗಳೂರಿನಲ್ಲೇ, ಒಂದೇ ದಿನದಲ್ಲಿ. ತೊಂದರೆ ಇಬ್ಬರಲ್ಲೂ ಇತ್ತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. ಆ ಸುಲಭದ ಪರೀಕ್ಷೆ ಮೊದಲೇ ಆಗಿದ್ದರೆ ನನ್ನ ಎಷ್ಟೋ ವರ್ಷಗಳು ಉಳಿಯುತ್ತಿದ್ದವು. ಈ ಚಿಕಿತ್ಸೆಯಲ್ಲಿ ವರ್ಷಗಳೇ ಬಂಡವಾಳ. ಮೂವತ್ತೈದರ ನಂತರ ಹೆಣ್ಣಿನ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಇಳಿಯುತ್ತವೆ.

ಶಿವಾಜಿನಗರದಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದುಕೊಂಡೆವು. ದಿನವೂ ಸಂಜೆ ಹೊಟ್ಟೆಗೆ ಇಂಜೆಕ್ಷನ್. ಅದನ್ನು ತಂಪಿನಲ್ಲೇ ಇಡಬೇಕಿತ್ತು. ಆ ಮನೆಯ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆಯ ಹಿಂದೆ ನನ್ನ ಔಷಧಿಯ ಡಬ್ಬಿ ಇರುತ್ತಿತ್ತು. ಎರಡು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಸ್ಕ್ಯಾನ್. ಉಳಿದ ಹೊತ್ತು ರಸೆಲ್ ಮಾರ್ಕೆಟ್‌ವರೆಗೆ ನಿಧಾನವಾಗಿ ನಡೆದು ಹಣ್ಣು ತರುತ್ತಿದ್ದೆ.

ಆಸ್ಪತ್ರೆಯ ಕಾಯುವ ಕೋಣೆ ನಾನು ಕಂಡ ಬೇರೆ ಯಾವ ಕೋಣೆಯಂತೆಯೂ ಇರಲಿಲ್ಲ. ಬುರ್ಖಾ, ರೇಷ್ಮೆ ಸೀರೆ, ಜೀನ್ಸ್ ಎಲ್ಲವೂ ಅಲ್ಲಿದ್ದವು. ಎಲ್ಲರ ಮಡಿಲಲ್ಲೂ ಒಂದೊಂದು ಫೈಲು. ಯಾರೂ ಯಾರನ್ನೂ "ಮಕ್ಕಳೆಷ್ಟು" ಎಂದು ಕೇಳುವುದಿಲ್ಲ, "ಎಷ್ಟನೇ ಸಲ" ಎಂದು ಕೇಳುತ್ತಾರೆ. ರಾಯಚೂರು ಕಡೆಯ ಒಬ್ಬಾಕೆಗೆ ಅದು ನಾಲ್ಕನೇ ಸಲ. ಎರಡು ಎಕರೆ ಹೊಲ ಮಾರಿ ಬಂದಿದ್ದಳು. ಇನ್ನೊಬ್ಬ ಹುಡುಗಿಗೆ ಹೊಟ್ಟೆ ಊದಿಕೊಂಡು ಉಸಿರಾಟ ಕಷ್ಟವಾಗಿತ್ತು. ಇಂಜೆಕ್ಷನ್‌ಗೆ ಅಂಡಾಶಯ ಅತಿಯಾಗಿ ಸ್ಪಂದಿಸಿದರೆ ಹೀಗಾಗುತ್ತದೆ. ಪಿಸಿಓಡಿ ಇರುವವರಿಗೆ ಈ ಅಪಾಯ ಹೆಚ್ಚು. ಹೊಟ್ಟೆ ಬಿಗಿದರೆ, ತೂಕ ಥಟ್ಟನೆ ಏರಿದರೆ, ಮೂತ್ರ ಕಡಿಮೆಯಾದರೆ ನಾಚಿಕೊಂಡು ಸುಮ್ಮನಿರಬೇಡಿ, ಆ ದಿನವೇ ವೈದ್ಯರಿಗೆ ತಿಳಿಸಿ.

ನನಗೆ ಸಿಕ್ಕಿದ್ದು ನಾಲ್ಕು ಅಂಡಾಣು, ಅದರಿಂದ ಎರಡು ಭ್ರೂಣ. "ಎರಡನ್ನೂ ಹಾಕೋಣ, ಅವಳಿಯಾದರೆ ಅದೃಷ್ಟ" ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. ನನಗೂ ಆಸೆಯಾಯಿತು. ಆದರೆ ನನಗೆ ರಕ್ತದೊತ್ತಡವಿತ್ತು. ಅವಳಿ ಗರ್ಭದಲ್ಲಿ ತಾಯಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಕಾಡುವುದು, ಮಕ್ಕಳು ದಿನ ತುಂಬುವ ಮೊದಲೇ ಕಡಿಮೆ ತೂಕದಲ್ಲಿ ಹುಟ್ಟುವುದು ಹೆಚ್ಚು. ನಾನು ಕೇಳಿದ ಮೇಲೆಯೇ ವೈದ್ಯೆ ಇದನ್ನೆಲ್ಲ ಬಿಡಿಸಿ ಹೇಳಿದರು. ಒಂದನ್ನೇ ಹಾಕಿಸಿಕೊಂಡೆ, ಇನ್ನೊಂದನ್ನು ಶೈತ್ಯದಲ್ಲಿ ಇಡಿಸಿದೆವು.

ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. "ಎಲ್ಲರೂ ಇಲ್ಲಿ ಸಹಿ ಹಾಕುತ್ತಾರೆ" ಎಂದು ಬೆರಳಿಟ್ಟು ತೋರಿಸಿದರು. ನಾನು ಬಿಎ ಓದಿದ್ದು ಆ ದಿನ ಉಪಯೋಗಕ್ಕೆ ಬಂತು. ಒಂದು ಗಂಟೆ ಕೇಳಿಕೊಂಡು ಓದಿದೆ. ಉಳಿದ ಭ್ರೂಣವನ್ನು ಏನು ಮಾಡಬೇಕು, ಬೇರೆಯವರಿಗೆ ಕೊಡಬಹುದೇ ಎಂಬ ಪ್ರಶ್ನೆ ಆರನೇ ಪುಟದಲ್ಲಿತ್ತು. ಕೊಡಬಾರದು ಎಂದು ಬರೆದೆವು. 1980ರಲ್ಲಿ ಈಜಿಪ್ಟಿನ ಮುಫ್ತಿ ಜಾದುಲ್ ಹಕ್, 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯ ವಿದ್ವಾಂಸರು ಈ ಚಿಕಿತ್ಸೆಯನ್ನು ಪತಿ ಪತ್ನಿಯರ ನಡುವೆ ಸಮ್ಮತವೆಂದಿದ್ದಾರೆ. ಮೂರನೆಯವರ ಅಂಡಾಣು, ವೀರ್ಯ, ಗರ್ಭಕೋಶ ಸೇರಕೂಡದು. ಮಗುವಿನ ವಂಶದ ಹಕ್ಕು ಅದರಲ್ಲಿದೆ.

ಎರಡು ವಾರದ ನಂತರ ರಕ್ತ ಪರೀಕ್ಷೆ. ಆಗಿರಲಿಲ್ಲ. ಜೂನ್‌ನಲ್ಲಿ ಮತ್ತೆ ಹೋಗಿ ಎರಡನೆಯದನ್ನು ಹಾಕಿಸಿದೆವು. ಅದೂ ನಿಲ್ಲಲಿಲ್ಲ. ಖರ್ಚು ಎರಡು ಲಕ್ಷ ದಾಟಿತ್ತು, ನನ್ನ ಬಳೆಗಳು ಬ್ಯಾಂಕಿನಲ್ಲಿದ್ದವು. ಆಗಲೇ ಕೌಂಟರಿನಾಕೆ ದನಿ ತಗ್ಗಿಸಿ, "ದಾನಿಯ ಅಂಡಾಣು ತೆಗೆದುಕೊಳ್ಳಿ, ನಿಮ್ಮ ವಯಸ್ಸಿಗೆ ಅದೇ ದಾರಿ. ಯಾರಿಗೂ ಗೊತ್ತಾಗುವುದಿಲ್ಲ" ಎಂದರು.

ಸುಳ್ಳು ಹೇಳಲಾರೆ ಸಹೋದರಿಯರೇ. ಮದ್ರಸದಲ್ಲಿ ಕಲಿತವಳು, ಕಲಿಸುವವಳು ನಾನು. ಆದರೂ ಆ ರಾತ್ರಿ ಮನಸ್ಸು ಓಲಾಡಿತು. ಗೊತ್ತಾಗಬಾರದವರ ಪಟ್ಟಿ ಹಾಕಿ ನೋಡಿದೆ. ಅತ್ತೆ, ನಾದಿನಿ, ನೆರೆಯವರು, ಕೊನೆಗೆ ಆ ಮಗು. ಅಲ್ಲಿಗೆ ನಿಂತೆ. ಫಜ್ರ್ ನಮಾಝಿನ ನಂತರ ಪತಿಯೊಡನೆ "ಸಾಕು, ಊರಿಗೆ ಹೋಗೋಣ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಸಾಕು ಎನ್ನಲಿ ಎಂದು ನಾನು ಕಾಯುತ್ತಿದ್ದೆ. ನಾನು ಹೇಳಿದರೆ ನಿನ್ನ ಮನಸ್ಸು ಒಡೆದೀತು ಎಂಬ ಭಯವಿತ್ತು" ಎಂದರು. ಇಬ್ಬರೂ ಇನ್ನೊಬ್ಬರಿಗಾಗಿ ಮುಂದೆ ಹೋಗುತ್ತಿದ್ದೆವು!

ಈಗ ಕಾನೂನಿದೆ. 2021ರ ಕಾಯ್ದೆಯಂತೆ ಕೇಂದ್ರಗಳು ನೋಂದಣಿಯಾಗಿರಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು. ಹೆಣ್ಣಿಗೆ 50, ಗಂಡಿಗೆ 55 ವಯಸ್ಸಿನ ಮಿತಿಯಿದೆ. ಆದರೆ ಎಲ್ಲಿ ನಿಲ್ಲಬೇಕೆಂದು ಕಾನೂನು ಹೇಳಿಕೊಡುವುದಿಲ್ಲ.

ಅದಕ್ಕೇ ನಮ್ಮ ಶಿಕ್ಷಕಿಗೆ ಹೀಗೆ ಹೇಳಿದೆ: ಹೋಗು. ಚಿಕಿತ್ಸೆ ಮಾಡಿಸಿಕೊಳ್ಳುವುದು ತವಕ್ಕುಲ್‌ಗೆ ವಿರುದ್ಧವಲ್ಲ. ನಿನಗೆ ಇಪ್ಪತ್ತೊಂಬತ್ತು, ದಾರಿ ನನಗಿಂತ ಅಗಲವಿದೆ. ಆದರೆ ರೈಲು ಹತ್ತುವ ಮುನ್ನ ಒಂದು ಸಂಜೆ ಇಬ್ಬರೇ ಕುಳಿತುಕೊಳ್ಳಿ. ಎಷ್ಟು ಸಲ, ಎಷ್ಟು ಹಣ, ಎಷ್ಟು ಭ್ರೂಣ, ಯಾವುದಕ್ಕೆ ಒಪ್ಪುವುದಿಲ್ಲ ಎಂದು ಒಂದು ಕಾಗದದಲ್ಲಿ ಬರೆಯಿರಿ. ಆ ಕೋಣೆಯಲ್ಲಿ ಕುಳಿತ ಮೇಲೆ ಯೋಚಿಸಲು ಮನಸ್ಸಿಗೆ ಬಲವಿರುವುದಿಲ್ಲ.

ಹಿಂದಿರುಗುವಾಗಲೂ ಅದೇ ಘಾಟಿ. ಮಳೆ ಹಿಡಿದಿತ್ತು. ಆ ಸಲ ಪತಿ ಕಿಟಕಿಯ ಕಡೆ ನನ್ನನ್ನು ಕೂರಿಸಿದರು. ಪುತ್ತೂರಿನಲ್ಲಿ ಇಳಿದಾಗ ಅತ್ತೆ ಅನ್ನಕ್ಕಿಟ್ಟು ಕಾಯುತ್ತಿರುವುದಾಗಿ ಫೋನ್ ಬಂತು. ಬಾಗಿಲಲ್ಲೇ ಅವರಿಗೆ ಹೇಳಿದೆ. ಅವರು ಏನೂ ಕೇಳದೆ ನನ್ನ ತಲೆ ನೇವರಿಸಿದರು. ಅಲ್‌ಹಮ್ದುಲಿಲ್ಲಾಹ್.

ಆ ಶಿಕ್ಷಕಿ ಬರುವ ವಾರ ಹೊರಡುತ್ತಾಳೆ. ಅವಳಿಗಾಗಿ, ಮಡಿಲಲ್ಲಿ ಫೈಲು ಹಿಡಿದು ಕಾಯುತ್ತಿರುವ ಎಲ್ಲರಿಗಾಗಿ ನಿಮ್ಮ ದುಆ ಇರಲಿ.