ನೀರಿಲ್ಲದ ಹೊಳೆಯ ಯಾನ

ಹೊಸದುರ್ಗದ ನಿವೃತ್ತ ಮೇಷ್ಟರೊಬ್ಬರಿಗೆ ನ್ಯೂಜಿಲೆಂಡಿನಲ್ಲಿರುವ ಮೊಮ್ಮಗನು ಒಂದು ಸಂಜೆ ದೂರವಾಣಿಯಲ್ಲಿ ತನ್ನ ದೋಣಿಯಾನದ ಕಥೆಯನ್ನು ಹೇಳಿದನು. ಅಲ್ಲಿ ವಾಂಗನೂಯಿ ಎಂಬ ಪುರಾತನ ನದಿ. 145 ಕಿಲೋಮೀಟರುಗಳ ದಾರಿಗೆ ಐದು ದಿನಗಳ ಪಯಣ. ಹಗಲೆಲ್ಲ ಕಿರುದೋಣಿಯಲ್ಲಿ ಹುಟ್ಟು ಹಾಕುವುದು, ರಾತ್ರಿ ದಡದಲ್ಲಿ ಗುಡಾರ. ಜೊತೆಗೆ ದಾರಿ ಬಲ್ಲ ಮಾರ್ಗದರ್ಶಿ. 2017ರಲ್ಲಿ ಆ ದೇಶದ ಸಂಸತ್ತು ಆ ನದಿಯನ್ನು ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿಯೆಂದೇ ಒಪ್ಪಿತಂತೆ.

"ಅಜ್ಜ, ಯುಗಾದಿಗೆ ಬರುತ್ತೇನೆ. ನಮ್ಮ ವೇದಾವತಿಯಲ್ಲೂ ಹೀಗೆ ಹೋಗೋಣವೇ?"

ಮೇಷ್ಟರು "ಆಗಲಿ" ಎಂದುಬಿಟ್ಟರು. ಒಳಗಿನಿಂದ ಅವರ ಹೆಂಡತಿ, "ದೋಣಿಯೇಕೆ? ಎತ್ತಿನ ಗಾಡಿ ಹೂಡಿಸಿ. ಯುಗಾದಿಯ ಹೊತ್ತಿಗೆ ಆ ಹೊಳೆಯಲ್ಲಿ ಎತ್ತಿನ ಗೊರಸೂ ನೆನೆಯುವುದಿಲ್ಲ" ಎಂದರು.

ಮಾತು ಸುಳ್ಳಲ್ಲ. ಆದರೆ ಮೇಷ್ಟರು ಮೂವತ್ತು ವರ್ಷ ಭೂಗೋಳ ಹೇಳಿದವರು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿಯುವ ವೇದಾ ಮತ್ತು ಅವತಿ ಒಂದಾಗಿ, ಹೊಸದುರ್ಗ, ಹಿರಿಯೂರುಗಳ ಸೀಮೆಯನ್ನು ಹಾದು, ಮುಂದೆ ಹಗರಿ ಎನಿಸಿಕೊಂಡು, ಬಳ್ಳಾರಿಯ ಕಡೆ ತುಂಗಭದ್ರೆಯನ್ನು ಸೇರುವ ಬಗೆಯನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದರೋ! ನೀರಿಲ್ಲದಿದ್ದರೇನು, ಹೊಳೆಯ ದಾರಿ ಇದೆಯಲ್ಲ ಎಂದು ಅವರೇ ಮಾರ್ಗದರ್ಶಿಯಾಗಿ ಮೂರು ದಿನಗಳ ಯಾನವನ್ನು ಗೊತ್ತುಮಾಡಿದರು.

ಮೊದಲನೆಯ ದಿನ ಕೆಲ್ಲೋಡು. ಹುಡುಗನು ಹೆಗಲಿಗೆ ಚೀಲವೇರಿಸಿ, ನೆನೆದರೂ ಕೆಡದ ಪಾದರಕ್ಷೆ ಮೆಟ್ಟಿ ಬಂದಿದ್ದನು. ಎದುರಿಗೆ ಕಲ್ಲು, ಗುಂಡಿ, ಜಾಲಿಯ ಪೊದೆ. ಮೇಷ್ಟರು ಮಂಡಿಯೂರಿ ಮರಳನ್ನು ತೋಡತೊಡಗಿದರು. ಅವರ ಬಾಲ್ಯದಲ್ಲಿ ಗೇಣುದ್ದ ತೋಡಿದರೆ ಸಾಕು, ಒರತೆ ಜಿನುಗಿ ತಿಳಿಯಾಗುತ್ತಿತ್ತು; ಊರಿನ ಹೆಂಗಸರು ಚಿಪ್ಪಿನಿಂದ ಮೊಗೆದು ಕೊಡ ತುಂಬುತ್ತಿದ್ದರು. ಈಗ ಮೊಳದುದ್ದ ತೋಡಿದರೂ ಕೈಗೆ ಹತ್ತಿದ್ದು ಗಟ್ಟಿ ಮಣ್ಣು. ಮಳೆಯ ನೀರನ್ನು ಬೇಸಿಗೆಗೆಂದು ಅಡಗಿಸಿಡುತ್ತಿದ್ದ ಮರಳು ಲಾರಿಯೇರಿ ಎಲ್ಲೆಲ್ಲೋ ಮನೆಗಳ ಗೋಡೆಯಾಗಿತ್ತು.

"ನಿಮ್ಮ ದೇಶದಲ್ಲಿ ಹೊಳೆ ವ್ಯಕ್ತಿಯಾದರೆ, ಅದರ ಮರಳು ಏನಾಯಿತಪ್ಪ?" ಎಂದರು ಮೇಷ್ಟರು. ಹುಡುಗನು ಉತ್ತರ ಕೊಡಲಿಲ್ಲ.

ಎರಡನೆಯ ದಿನ ಮಾರಿಕಣಿವೆ. ಎರಡು ಗುಡ್ಡಗಳ ನಡುವೆ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ಕಟ್ಟೆ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಹೊತ್ತ ಸಾಗರ. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದ ಮೇಲೆ, ಮತ್ತೆ ಕೋಡಿ ಹರಿಯಲು 2022ರವರೆಗೆ, ಎಂದರೆ 89 ವರ್ಷ ಕಾಯಬೇಕಾಯಿತು. ಆ ದಿನ ಮೇಷ್ಟರೂ ಜನಸಾಗರದಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದರು.

ಹಿನ್ನೀರಿನ ಮೀನುಗಾರನೊಬ್ಬನು ತನ್ನ ಹರಿಗೋಲಿಗೆ ಇಬ್ಬರನ್ನೂ ಹತ್ತಿಸಿಕೊಂಡನು. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕು, ಡಾಂಬರು. ಐದು ದಿನ ದೋಣಿ ನಡೆಸಿದ ಧೀರನು ಹುಟ್ಟು ಹಿಡಿದನೋ ಇಲ್ಲವೋ, ಹರಿಗೋಲು ಬುಗುರಿಯಂತೆ ತಿರುಗತೊಡಗಿತು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನೂ ಬುಟ್ಟಿಯಂಥ ಈ ದೋಣಿಗಳು ನೆಟ್ಟಗೆ ಹೋಗದೆ ಸುತ್ತುವುದನ್ನು ಕಂಡು ಬರೆದಿಟ್ಟಿದ್ದಾನೆ.

"ಪಕ್ಕದಲ್ಲಿ ಹಾಕಬೇಡಿ ಸ್ವಾಮಿ, ಮುಂದಕ್ಕೆ ಚಾಚಿ ನೀರನ್ನು ನಿಮ್ಮ ಕಡೆಗೆ ಸೆಳೆಯಿರಿ" ಎಂದನು ಮೀನುಗಾರ. ಸ್ವಲ್ಪ ಹೊತ್ತಿನಲ್ಲಿ ಹರಿಗೋಲು ಸುತ್ತುವುದನ್ನು ಬಿಟ್ಟು ಸಾಗಿತು. ಹುಡುಗನು ನಕ್ಕನು, ಮೇಷ್ಟರು ನೀರಿನಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕುಳಿತರು.

ಮೂರನೆಯ ದಿನ ಹಿರಿಯೂರಿನ ತೇರುಮಲ್ಲೇಶ್ವರನಿಗೆ ಕೈಮುಗಿದು, ಸುವರ್ಣಮುಖಿಯು ವೇದಾವತಿಯನ್ನು ಕೂಡುವ ಕೂಡಲಹಳ್ಳಿಗೆ ಹೋದರು. ಮೇಷ್ಟರ ಪಾಠದಂತೆ ಯಾನವು ಅಲ್ಲಿಗೆ ಮುಗಿಯಬೇಕು. ಆದರೆ ಹುಡುಗನು, "ಅಜ್ಜ, ಹಿಂದಿರುಗುವಾಗ ಕೆಲ್ಲೋಡಿನಲ್ಲಿ ಇಳಿಯೋಣ" ಎಂದನು.

ಇಳಿದರು. ಈ ಸಲ ಅವನು ಲಾರಿ ತಲುಪಲಾಗದ ಬಂಡೆಗಳ ಸಂದಿಯನ್ನು ಹುಡುಕಿದನು. ಅಲ್ಲಿ ಒಂದಿಷ್ಟು ಮರಳು ಉಳಿದಿತ್ತು. ಗೇಣು ತೋಡಿದನು, ಮೊಳ ತೋಡಿದನು, ಕೊನೆಗೆ ತೋಳಿನವರೆಗೆ ಕೈಯಿಳಿಸಿ, "ತಣ್ಣಗಿದೆ!" ಎಂದು ಕೂಗಿದನು. ಮುಷ್ಟಿಯಲ್ಲಿ ಬಂದ ಮರಳು ಕಪ್ಪಗೆ ಒದ್ದೆಯಾಗಿತ್ತು.

ಊರಿನ ಬಸ್ಸು ಮೇಲಿನ ರಸ್ತೆಯಲ್ಲಿ ಬಂದು ನಿಂತು ಹಾರನ್ನು ಮಾಡಿತು. ಮೇಷ್ಟರು ತಿರುಗಿ ನೋಡಲಿಲ್ಲ. ಪಂಚೆಯನ್ನು ಮೇಲಕ್ಕೆ ಕಟ್ಟಿ ಗುಂಡಿಯ ಅಂಚಿನಲ್ಲಿ ಕುಳಿತು, "ಅವಸರ ಮಾಡಬೇಡ. ಒರತೆಗೆ ಹೊತ್ತು ಕೊಡಬೇಕು" ಎಂದರು.